ಗಡುವು ಮುಗಿದ ಮರುದಿನ

2024ರ ಜುಲೈ 1ರಂದು ಬ್ರಿಟಿಷರ ಕಾಲದ ದಂಡ ಸಂಹಿತೆ ಹಿಂದೆ ಸರಿದು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರ ಜೊತೆಗೇ ಅಪರಾಧ ಪ್ರಕ್ರಿಯೆಯ ಕಾಯ್ದೆ, ಸಾಕ್ಷ್ಯದ ಕಾಯ್ದೆ ಎರಡೂ ಬದಲಾದವು. ಅದೇ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಮನೆ ಕೆಡಹುವ ಬುಲ್ಡೋಜರ್‌ಗೆ ಲಗಾಮು ಹಾಕಿತು. 2025ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿ ಸುಗ್ರೀವಾಜ್ಞೆ ತಂದಿತು. ಮುಂದೆ ಅದು ಕಾಯ್ದೆಯಾಯಿತು. ನವೆಂಬರ್ 21ರಂದು 29 ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಬಂದು ಕೂತವು.

ಇವುಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಪೊಲೀಸ್ ಠಾಣೆಗೆ ಸೇರಿದ್ದು, ಒಂದು ಮಹಾನಗರ ಪಾಲಿಕೆಗೆ, ಇನ್ನೊಂದು ಕಾರ್ಖಾನೆಗೆ. ಆದರೂ ಎಲ್ಲವನ್ನೂ ಮುಂದಿಟ್ಟುಕೊಂಡು ಓದಿದರೆ ಒಂದು ಪದ್ಧತಿ ಎದ್ದು ಕಾಣುತ್ತದೆ. ಎಲ್ಲೆಡೆಯೂ ತಾರೀಖು ಇದೆ. ಇಷ್ಟು ದಿನದೊಳಗೆ ತಿಳಿಸಬೇಕು, ಇಷ್ಟು ದಿನ ಮೊದಲು ನೋಟಿಸ್ ಕೊಡಬೇಕು, ಇಷ್ಟು ದಿನದೊಳಗೆ ತೀರ್ಪು ಬರೆಯಬೇಕು. ಹಳೆಯ ಕಾನೂನುಗಳಲ್ಲಿ ‘ಅನಗತ್ಯ ವಿಳಂಬವಿಲ್ಲದೆ’ ಎಂದು ತೇಲಿಸಿ ಬಿಟ್ಟಿದ್ದ ಜಾಗಗಳಲ್ಲಿ ಈಗ ಅಂಕಿ ಕೂತಿದೆ. ಇದು ಒಳ್ಳೆಯದೇ. ದೇಶದ ಕೋರ್ಟುಗಳಲ್ಲಿ 5 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇರುವಾಗ ದಿನ ಗೊತ್ತುಮಾಡುವುದನ್ನು ಬೇಡವೆನ್ನುವವರು ಯಾರು?

ಆದರೆ ಆ ದಿನ ದಾಟಿದ ಮೇಲೆ ಏನಾಗುತ್ತದೆ? ಹೊಸ ಕಾನೂನನ್ನು ಕೈಗೆತ್ತಿಕೊಂಡಾಗಲೆಲ್ಲ ನಾನು ಮೊದಲು ಹುಡುಕುವುದು ಇದನ್ನೇ. ಸಾಮಾನ್ಯರ ಪಾಲಿಗೆ ಕಾನೂನಿನ ನಿಜವಾದ ಬೆಲೆ ಗೊತ್ತಾಗುವುದು ಗಡುವು ಮುಗಿದ ಮರುದಿನ.

ಪೊಲೀಸ್ ಠಾಣೆಯಿಂದಲೇ ಶುರುಮಾಡೋಣ. ತುಮಕೂರಿನವರೊಬ್ಬರು ಬೆಂಗಳೂರಿನ ಕೆ.ಆರ್. ಮಾರುಕಟ್ಟೆಗೆ ಬಂದಾಗ ಜೇಬಿನಲ್ಲಿದ್ದ ಮೊಬೈಲ್ ಕಳುವಾಯಿತು, ಗೊತ್ತಾದದ್ದು ಊರು ತಲುಪಿದ ಮೇಲೆ ಎಂದಿಟ್ಟುಕೊಳ್ಳಿ. ತುಮಕೂರಿನ ಠಾಣೆಗೆ ಹೋದರೆ ಏನು ಉತ್ತರ ಬರಬಹುದೆಂದು ನಮಗೆಲ್ಲ ಗೊತ್ತು: ‘ಇದು ನಮ್ಮ ಲಿಮಿಟ್ಸ್‌ಗೆ ಬರಲ್ಲ, ಕಳೆದುಹೋದ ಜಾಗದ ಸ್ಟೇಷನ್‌ಗೆ ಹೋಗಿ.’ ಅಪರಾಧ ಪ್ರಕ್ರಿಯೆಯ ಹೊಸ ಕಾಯ್ದೆಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಈ ಉತ್ತರವನ್ನು ಅಳಿಸಿಹಾಕಿದೆ. ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ, ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ‘ಜೀರೊ ಎಫ್‌ಐಆರ್’ ಎಂಬ ಹೆಸರಿನಲ್ಲಿ ಈ ರೂಢಿ ಮೊದಲೂ ಇತ್ತು. ಈಗ ಅದು ಕಾಯ್ದೆಯೊಳಗೇ ಸೇರಿದೆ. ಠಾಣೆಗೆ ಹೋಗದೆ ಇ–ಮೇಲ್‌ನಂಥ ಎಲೆಕ್ಟ್ರಾನಿಕ್ ಮಾರ್ಗದಲ್ಲೂ ದೂರು ಕಳಿಸಬಹುದು. ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದಾಖಲಾದ ಮಾಹಿತಿಯ ನಕಲನ್ನು ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ಉಚಿತವಾಗಿ ಕೊಡಲೇಬೇಕು.

ಇದೇ ಸೆಕ್ಷನ್‌ನಲ್ಲಿ ಹೊಸದೊಂದು ಕಿಂಡಿಯೂ ಇದೆ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ, ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಠಾಣಾಧಿಕಾರಿಗೆ ಅವಕಾಶವಿದೆ. ಸಾಧಾರಣ ಕಳವಿಗೆ ಮೂರು ವರ್ಷದವರೆಗೆ ಶಿಕ್ಷೆ, ಹಾಗಾಗಿ ನಮ್ಮ ತುಮಕೂರಿನವರ ಮೊಬೈಲ್ ಸರಿಯಾಗಿ ಈ ಕಿಂಡಿಯಲ್ಲಿ ಬಂದು ಬೀಳುತ್ತದೆ. ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದೆಯೇ ಎಂದು ನೋಡುವುದಷ್ಟೇ ಈ ವಿಚಾರಣೆಯ ಕೆಲಸ. ಸುಳ್ಳು ದೂರುಗಳನ್ನು ಸೋಸಲು ಇದು ಬೇಕೆನ್ನುವ ವಾದದಲ್ಲಿ ತಥ್ಯವಿದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಮಾತು–ಬರಹಕ್ಕೆ ಸಂಬಂಧಿಸಿದ ಇಂಥ ದೂರುಗಳಲ್ಲಿ ಆತುರದಿಂದ ಎಫ್‌ಐಆರ್ ಹಾಕದೆ ಪ್ರಾಥಮಿಕ ವಿಚಾರಣೆ ಮಾಡುವುದು ಒಳಿತು ಎಂದಿತು. ಆದರೆ 15ನೇ ದಿನವೂ ಠಾಣೆ ಸುಮ್ಮನಿದ್ದರೆ? ದೂರುದಾರ ಎಸ್‌ಪಿಗೆ ಬರೆಯಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು. ಗಡುವು ಮೀರಿದ ಅಧಿಕಾರಿಗೆ ಆ ಸೆಕ್ಷನ್‌ನಲ್ಲಿ ದಂಡವಿಲ್ಲ. ಓಡಾಟವೆಲ್ಲ ಕಳೆದುಕೊಂಡವರ ಪಾಲಿಗೆ.

ಈ ಸಂಹಿತೆಯ ಬಹುಪಾಲು ತಾರೀಖುಗಳ ಕಥೆ ಇದೇ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಆರೋಪಿ ಹಾಜರಾದ 14 ದಿನದೊಳಗೆ ದಾಖಲೆಗಳ ನಕಲು ಕೊಡಬೇಕು. ವಾದ ಮುಗಿದ 30 ದಿನದೊಳಗೆ ತೀರ್ಪು ಬರಬೇಕು. ಕಾರಣ ಬರೆದಿಟ್ಟು 45 ದಿನದವರೆಗೆ ಎಳೆಯಬಹುದು. ವಾಯಿದೆ ಮೇಲೆ ವಾಯಿದೆ ಕೇಳುವುದಕ್ಕೂ ಮಿತಿಯಿದೆ. ಓದಲು ಎಲ್ಲವೂ ಚೆಂದ. ಆದರೆ ತನಿಖೆಯ ಮಾಹಿತಿ 91ನೇ ದಿನವೂ ಬರಲಿಲ್ಲವೆಂದರೆ ಕಾಯ್ದೆ ಮಾತಾಡುವುದಿಲ್ಲ. ಮಗಳ ಪ್ರಕರಣ ಏನಾಯಿತೆಂದು ಕೇಳಲು ಠಾಣೆಯ ರೈಟರ್ ಮೇಜಿನ ಮುಂದೆ ನಿಂತ ತಾಯಿಗೆ ‘ಸಾಹೇಬ್ರು ರೌಂಡ್ಸ್‌ಗೆ ಹೋಗಿದಾರೆ, ನಾಳೆ ಬನ್ನಿ’ ಎಂಬ ಮಾತು ಈಗಲೂ ಕೇಳಿಸಬಹುದು.

ಗಡುವಿಗೆ ಹಲ್ಲು ಕೊಡುವುದು ಹೇಗೆಂದು ನಮ್ಮ ಶಾಸಕಾಂಗಕ್ಕೆ ಗೊತ್ತಿಲ್ಲವೆಂದಲ್ಲ. ಅದೇ ಸಂಹಿತೆಯ 187ನೇ ಸೆಕ್ಷನ್ ನೋಡಿ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯ ಪ್ರಕರಣಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕದಿದ್ದರೆ, ಜಾಮೀನು ಕೊಡಲು ಸಿದ್ಧನಿರುವ ಆರೋಪಿಯನ್ನು ಬಿಡಲೇಬೇಕು. ಅದು ನ್ಯಾಯಾಧೀಶರ ದಯೆಯಲ್ಲ, ಆರೋಪಿಯ ಹಕ್ಕು. ಹಳೆಯ ಕಾಯ್ದೆಯಿಂದ ಉಳಿದುಬಂದ ಈ ಗಡುವನ್ನು ತನಿಖಾಧಿಕಾರಿಗಳು ಮರೆಯುವುದಿಲ್ಲ. 89ನೇ ದಿನ ರಾತ್ರಿ ಕೂತು ಚಾರ್ಜ್‌ಶೀಟ್ ಸಿದ್ಧಮಾಡುತ್ತಾರೆ. ಪರಿಣಾಮ ಬರೆದಿಟ್ಟರೆ ಕೆಲಸ ಆಗುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಹೊಸದಾಗಿ ಸೇರಿದ 218ನೇ ಸೆಕ್ಷನ್‌ನಲ್ಲೂ ಇಂಥದೇ ಜಾಣತನವಿದೆ. ಸರ್ಕಾರಿ ನೌಕರರ ವಿರುದ್ಧದ ವಿಚಾರಣೆಗೆ ಅನುಮತಿ ಕೋರಿದ ಕಡತ ಸರ್ಕಾರದ ಮೇಜಿನ ಮೇಲೆ ವರ್ಷಗಟ್ಟಲೆ ಮಲಗುವುದನ್ನು ನಾವು ಕಂಡಿದ್ದೇವೆ. ಈಗ 120 ದಿನದೊಳಗೆ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ಲೈಂಗಿಕ ದೌರ್ಜನ್ಯದಂಥ ಕೆಲವು ಗಂಭೀರ ಅಪರಾಧಗಳ ದೂರನ್ನು ದಾಖಲಿಸದ ಅಧಿಕಾರಿಗೆ ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷದವರೆಗೆ ಕಠಿಣ ಸಜೆ ವಿಧಿಸುವ ಅವಕಾಶ ನ್ಯಾಯ ಸಂಹಿತೆಯ 199ನೇ ಸೆಕ್ಷನ್‌ನಲ್ಲಿದೆ. ಅಂದರೆ ಬೇಕೆನಿಸಿದ ಕಡೆ ಹಲ್ಲು ಕೊಟ್ಟಿದ್ದಾರೆ, ಬೇಡವೆನಿಸಿದ ಕಡೆ ಬರೀ ತಾರೀಖು ಕೊಟ್ಟಿದ್ದಾರೆ.

ವಿಚಾರಣಾಧೀನ ಕೈದಿಗಳ ವಿಷಯ ಈ ಎರಡರ ನಡುವೆ ಎಲ್ಲೋ ಇದೆ. 479ನೇ ಸೆಕ್ಷನ್ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿಯೆಂದು ತೀರ್ಮಾನವಾಗದ ಆರೋಪಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲೇ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರು ಅರ್ಧ ಅವಧಿ ಕಳೆದ ಮೇಲೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಅಪರಾಧಗಳಿಗೂ ಒಂದಕ್ಕಿಂತ ಹೆಚ್ಚು ಪ್ರಕರಣಗಳನ್ನು ಎದುರಿಸುತ್ತಿರುವವರಿಗೂ ಇದು ಅನ್ವಯಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಜುಲೈ 1ಕ್ಕಿಂತ ಮೊದಲು ದಾಖಲಾದ ಪ್ರಕರಣಗಳ ಕೈದಿಗಳಿಗೂ ಇದರ ಲಾಭ ಸಿಗಬೇಕೆಂದು ಹೇಳಿತು. ನನಗೆ ಈ ಸೆಕ್ಷನ್‌ನಲ್ಲಿ ಇಷ್ಟವಾದದ್ದು ಬೇರೊಂದು ಅಂಶ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆ ಜೈಲು ಸೂಪರಿಂಟೆಂಡೆಂಟರದು. ಓದು ಬರಹ ಬಾರದ, ವಕೀಲರಿಲ್ಲದ ಕೈದಿ ತನ್ನ ದಿನಗಳನ್ನು ತಾನೇ ಎಣಿಸಿಕೊಂಡು ಕೂರಬೇಕಿಲ್ಲ. ಎಣಿಸುವ ಕೆಲಸವನ್ನು ಕಾನೂನು ಬೀಗದ ಕೈ ಇಟ್ಟುಕೊಂಡವರಿಗೇ ವಹಿಸಿದೆ.

ಬಂಧನದ ವಿಚಾರದಲ್ಲಿ ಶಾಸನಕ್ಕಿಂತ ಒಂದು ಹೆಜ್ಜೆ ಮುಂದೆ ಹೋದದ್ದು ನ್ಯಾಯಾಲಯ. ಬಂಧಿತನಿಗೆ ಕಾರಣ ತಿಳಿಸಬೇಕೆಂದು ಸಂವಿಧಾನದ 22ನೇ ವಿಧಿ ಮೊದಲಿನಿಂದಲೂ ಹೇಳುತ್ತಿದೆ. ‘ತಿಳಿಸಿದ್ದೇವೆ’ ಎಂದು ಪೊಲೀಸರು ಬರೆದುಕೊಂಡರೆ ಸಾಕಾಗುತ್ತಿತ್ತು. 2023ರಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ, 2024ರಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ‘ಬರಹದಲ್ಲಿ ಕೊಡಿ’ ಎಂದಿತು. ಇವು ವಿಶೇಷ ಕಾಯ್ದೆಗಳ ಪ್ರಕರಣಗಳು. 2025ರ ನವೆಂಬರ್ 6ರಂದು ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಅದನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು. ಕಾರಣಗಳು ಬರಹದಲ್ಲಿರಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ತಕ್ಷಣಕ್ಕೆ ಆಗದಿದ್ದರೆ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ರಿಮ್ಯಾಂಡ್‌ಗೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೈಸೇರಬೇಕು. ಇಲ್ಲದಿದ್ದರೆ ಆ ಬಂಧನವೂ ರಿಮ್ಯಾಂಡೂ ಕಾನೂನುಬಾಹಿರ.

ಇದು ವಕೀಲರ ಕೋಣೆಯೊಳಗಿನ ಸೂಕ್ಷ್ಮವಲ್ಲ. ಗೋವಾದಲ್ಲಿ, ಮುಂಬೈಯಲ್ಲಿ ಕಟ್ಟಡ ಕೆಲಸಕ್ಕೆ ಹೋದ ನಮ್ಮ ವಿಜಯಪುರ, ಕಲಬುರಗಿಯ ಜನ ಎಷ್ಟು ಮಂದಿ! ಅವರಲ್ಲೊಬ್ಬನನ್ನು ಹಿಡಿದರೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಸಾಲದು. ಹಾಗೆಯೇ ಬೆಂಗಳೂರಿನಲ್ಲಿ ಬಂಧಿತನಾದ ಒಡಿಶಾದ ಕಾರ್ಮಿಕನಿಗೆ ಕನ್ನಡದ ಮೆಮೊ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ತನ್ನನ್ನು ಯಾಕೆ ಹಿಡಿದಿದ್ದಾರೆಂದು ಗೊತ್ತಿಲ್ಲದವನು ವಕೀಲರಿಗೆ ಏನು ಹೇಳಿಯಾನು, ಜಾಮೀನು ಹೇಗೆ ಕೇಳಿಯಾನು? ಎರಡೇ ಗಂಟೆಯ ಗಡುವು. ಆದರೆ ಮುರಿದರೆ ಬೆಲೆ ತೆರುವುದು ಪ್ರಭುತ್ವ. ಇತ್ತೀಚಿನ ತೀರ್ಪುಗಳಲ್ಲಿ ಜನಸಾಮಾನ್ಯರಿಗೆ ಇಷ್ಟು ಹತ್ತಿರದ್ದು ಮತ್ತೊಂದಿಲ್ಲ ಎಂಬುದು ನನ್ನ ಎಣಿಕೆ.

ಮನೆ ಕೆಡಹುವ ಪ್ರಕರಣದಲ್ಲೂ ಅದೇ ಎಚ್ಚರ ಕಾಣುತ್ತದೆ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ 2024ರ ನವೆಂಬರ್ 13ರಂದು ಕೊಟ್ಟ ನಿರ್ದೇಶನಗಳಲ್ಲಿ ನೋಟಿಸ್‌ಗೆ 15 ದಿನ, ಅಂತಿಮ ಆದೇಶದ ನಂತರ ಮಾಲೀಕ ತಾನೇ ತೆರವು ಮಾಡಿಕೊಳ್ಳಲು ಅಥವಾ ಕೋರ್ಟಿಗೆ ಹೋಗಲು ಮತ್ತೆ 15 ದಿನ ಸಿಗುತ್ತದೆ. ನೋಟಿಸು ನೋಂದಾಯಿತ ಅಂಚೆಯಲ್ಲಿ ಬರಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಇಲ್ಲೊಂದು ಸಣ್ಣ ವಿವರವಿದೆ, ಅದನ್ನು ಬರೆದವರಿಗೆ ನಮ್ಮ ಕಚೇರಿಗಳ ಒಳಗುಟ್ಟು ಚೆನ್ನಾಗಿ ಗೊತ್ತು. ನೋಟಿಸು ಜಾರಿಯಾದ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇ–ಮೇಲ್ ಹೋಗಬೇಕು, ಅದು ತಲುಪಿದ್ದಕ್ಕೆ ತಂತಾನೇ ಉತ್ತರ ಬರಬೇಕು. ಯಾಕೆಂದರೆ ನಾಳೆ ಕೆಡವಬೇಕಾದ ಮನೆಗೆ ಇವತ್ತು ರಾತ್ರಿ ನೋಟಿಸು ಬರೆದು, ಅದರ ಮೇಲೆ ಹದಿನೈದು ದಿನ ಹಿಂದಿನ ತಾರೀಖು ಹಾಕುವುದು ಈ ದೇಶದಲ್ಲಿ ಕಷ್ಟದ ಕೆಲಸವಲ್ಲ. ಕೆಡಹುವುದನ್ನು ವಿಡಿಯೊ ಮಾಡಬೇಕು. ನಿರ್ದೇಶನ ಮೀರಿದ ಅಧಿಕಾರಿ ಕೆಡವಿದ್ದನ್ನು ಸ್ವಂತ ಖರ್ಚಿನಲ್ಲಿ ಕಟ್ಟಿಸಿಕೊಡಬೇಕು, ಪರಿಹಾರವನ್ನೂ ತೆರಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ನದಿ–ಕೆರೆಯಂಥ ಸಾರ್ವಜನಿಕ ಜಾಗದ ಅಕ್ರಮ ಕಟ್ಟಡಗಳಿಗೆ ಈ ರಕ್ಷಣೆ ಇಲ್ಲ ಎಂಬುದನ್ನೂ ನೆನಪಿಡಬೇಕು. ಬಡವರ ಗುಡಿಸಲುಗಳು ಹೆಚ್ಚಾಗಿ ಇರುವುದೇ ಇಂಥ ಜಾಗಗಳಲ್ಲಿ. ತೀರ್ಪಿನ ದೊಡ್ಡ ಕೊರತೆಯೂ ಇದೇ.

ಕಾರ್ಮಿಕ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳು ಮತ್ತು ಸರ್ಕಾರದ ನಡುವೆ ದೊಡ್ಡ ಜಟಾಪಟಿಯಿದೆ. ಸಂಘಟನೆಗಳ ಆತಂಕಕ್ಕೆ ಆಧಾರವಿದೆ. ಸರ್ಕಾರದ ಅನುಮತಿಯಿಲ್ಲದೆ ಕಾರ್ಮಿಕರನ್ನು ತೆಗೆಯುವ, ಕಾರ್ಖಾನೆ ಮುಚ್ಚುವ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕಾದ ಕಟ್ಟಳೆ ಎಲ್ಲ ಕೈಗಾರಿಕೆಗಳಿಗೂ ಹಬ್ಬಿದೆ. ಆದರೆ ಪೀಣ್ಯದ ವರ್ಕ್‌ಶಾಪಿನಲ್ಲಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವವರು ಹೊಸ ಸಂಹಿತೆಗಳಿಂದ ಕೇಳಿ ಪಡೆಯಬಹುದಾದದ್ದೂ ಇದೆ. ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ. ನಿಗದಿತ ಅವಧಿಯ ಗುತ್ತಿಗೆಯಲ್ಲಿ ಕೆಲಸ ಮಾಡುವವರಿಗೆ ಗ್ರ್ಯಾಚುಟಿಗೆ ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಕೆಲಸ ಬಿಟ್ಟರೂ ತೆಗೆದರೂ ಎರಡು ಕೆಲಸದ ದಿನದೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. ಮೂರು ತಿಂಗಳು ಅಲೆಸಿ ‘ಫುಲ್ ಸೆಟಲ್‌ಮೆಂಟ್’ ಮಾಡುವ ರೂಢಿಯಲ್ಲಿ ಬೆಳೆದ ನಮ್ಮ ಕಂಪನಿಗಳಿಗೆ ಈ ಎರಡು ದಿನ ದೊಡ್ಡ ಬದಲಾವಣೆ. ಇಲ್ಲಿ ಹಲ್ಲೂ ಇದೆ: ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಆ ಪ್ರಾಧಿಕಾರ ಅರ್ಜಿಯನ್ನು ಮೂರು ತಿಂಗಳೊಳಗೆ ತೀರ್ಮಾನಿಸಲು ‘ಪ್ರಯತ್ನಿಸಬೇಕು’ ಎಂದಷ್ಟೇ ಕಾಯ್ದೆ ಹೇಳುತ್ತದೆ. ಮಾಲೀಕನಿಗೆ ಎರಡು ದಿನ, ಸರ್ಕಾರಿ ಅಧಿಕಾರಿಗೆ ಪ್ರಯತ್ನ.

ಕರ್ನಾಟಕದ ಗಿಗ್ ಕಾಯ್ದೆ ಈ ಸಾಲಿನಲ್ಲಿ ಗಮನಿಸಬೇಕಾದದ್ದು. ರಾಜಸ್ಥಾನ 2023ರಲ್ಲೇ ಇಂಥ ಕಾಯ್ದೆ ಮಾಡಿತ್ತು. ನಮ್ಮಲ್ಲಿ ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಂದ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಊಟ ತಲುಪಿಸುವ ಹುಡುಗನ ಐಡಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬ್ಲಾಕ್ ಆಗುತ್ತದೆ, ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಆ್ಯಪ್‌ನಲ್ಲಿ ಮೇಸ್ತ್ರಿಯಿಲ್ಲ, ಮ್ಯಾನೇಜರಿಲ್ಲ. ಕಾರಣವನ್ನು ಬರಹದಲ್ಲಿ ತಿಳಿಸಿ 14 ದಿನದ ನೋಟಿಸ್ ಕೊಟ್ಟಲ್ಲದೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೆಲಸದಿಂದ ತೆಗೆಯುವಂತಿಲ್ಲ ಎಂದು ಈ ಕಾಯ್ದೆ ಹೇಳುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಬಂದ ಸುಗ್ರೀವಾಜ್ಞೆ ಇನ್ನೂ ಕಟುವಾಗಿತ್ತು: 10 ವರ್ಷದವರೆಗೆ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ. ಮುಂದಿನ ತಿಂಗಳೇ ಅದನ್ನು ವಿಧಾನಮಂಡಲ ಕಾಯ್ದೆಯಾಗಿ ಅಂಗೀಕರಿಸಿತು. ವಾರದ ಕಂತಿಗೆ ಮನೆ ಬಾಗಿಲಲ್ಲಿ ನಿಂತು ಬೈಯುವವರ ಕಾಟದಿಂದ ಊರು ಬಿಟ್ಟ ಕುಟುಂಬಗಳ ಸುದ್ದಿ ಓದಿದವರಿಗೆ ಆ ಕಟುತನ ಹೆಚ್ಚೆನಿಸದು.

ಗಡುವಿನ ಜೊತೆಗೆ ಅಧಿಕಾರಿಯ ಜೇಬನ್ನು ಜೋಡಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. 2011ರ ಸಕಾಲ ಕಾಯ್ದೆಯನ್ನು ನೆನಪಿಸಿಕೊಳ್ಳಿ. ಅರ್ಜಿ ಕೊಟ್ಟಾಗ ಸಂಖ್ಯೆಯಿರುವ ಸ್ವೀಕೃತಿ ಚೀಟಿ, ಅದರಲ್ಲಿ ಕೊನೆಯ ದಿನ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ. ಅದು ಹೊಣೆಗಾರ ಅಧಿಕಾರಿಯಿಂದಲೇ ವಸೂಲಾಗಬೇಕು. ಅದಕ್ಕೂ ಮೊದಲು 2005ರ ಮಾಹಿತಿ ಹಕ್ಕು ಕಾಯ್ದೆ 30 ದಿನದ ಗಡುವಿಟ್ಟು, ಮೀರಿದರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಹಾಕಿತು. ತಾಲ್ಲೂಕು ಕಚೇರಿಗಳಲ್ಲಿ ‘ಆರ್‌ಟಿಐ ಹಾಕ್ತೀನಿ’ ಎಂಬ ಮಾತಿಗೆ ಬೆಲೆ ಬಂದದ್ದು ಈ ದಂಡದಿಂದ. ದುಃಖದ ಸಂಗತಿಯೆಂದರೆ ಅದೇ ಕಾಯ್ದೆಯನ್ನು ಇತ್ತೀಚೆಗೆ ಬೇರೊಂದು ಕಡೆಯಿಂದ ಸಡಿಲಗೊಳಿಸಲಾಗಿದೆ. 2025ರ ನವೆಂಬರ್‌ನಲ್ಲಿ ದತ್ತಾಂಶ ಸಂರಕ್ಷಣೆಯ ನಿಯಮಗಳ ಜೊತೆಗೆ ಜಾರಿಯಾದ ತಿದ್ದುಪಡಿಯಿಂದ, ವೈಯಕ್ತಿಕ ಮಾಹಿತಿ ಎನ್ನುವ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವ ದಾರಿ ತೆರೆದಿದೆ. ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಮಾಹಿತಿ ಕೊಡಬಹುದೆಂಬ 8(2)ನೇ ಸೆಕ್ಷನ್ ಇನ್ನೂ ಉಳಿದಿದೆ. ಅರ್ಜಿ ಬರೆಯುವವರು ಇನ್ನು ಮುಂದೆ ಅದನ್ನು ಹೆಸರಿಸಿಯೇ ಬರೆಯಬೇಕು.

ಇಷ್ಟೆಲ್ಲ ಹೇಳಿದ ಮೇಲೆ ರಾಜಭವನದ ಮಾತೂ ಬರಲೇಬೇಕು. ತಮಿಳುನಾಡಿನ ಮಸೂದೆಗಳ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ರಾಜ್ಯಪಾಲರಿಗೂ ರಾಷ್ಟ್ರಪತಿಯವರಿಗೂ ಕಾಲಮಿತಿ ಗೊತ್ತುಮಾಡಿತು. ರಾಜ್ಯಪಾಲರು ತಡೆಹಿಡಿದಿದ್ದ ಹತ್ತು ಮಸೂದೆಗಳಿಗೆ ಅಂಕಿತ ಬಿದ್ದಂತೆಯೇ ಎಂದಿತು. ರಾಷ್ಟ್ರಪತಿಯವರು 14 ಪ್ರಶ್ನೆಗಳನ್ನು ಕೋರ್ಟಿನ ಮುಂದಿಟ್ಟರು. ನವೆಂಬರ್ 20ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಉತ್ತರಿಸಿತು: ಕೋರ್ಟು ಅವರಿಗೆ ಗಡುವು ವಿಧಿಸಲಾಗದು, ‘ಅಂಕಿತ ಬಿದ್ದಂತೆ’ ಎಂಬ ಕಲ್ಪನೆಗೂ ಜಾಗವಿಲ್ಲ. ಕಾರಣ ಹೇಳದೆ ಅನಿರ್ದಿಷ್ಟವಾಗಿ ಸುಮ್ಮನೆ ಕೂತರೆ ಮಾತ್ರ, ಸಕಾರಣ ಅವಧಿಯಲ್ಲಿ ತೀರ್ಮಾನಿಸಿ ಎಂದು ಕೋರ್ಟು ಸೂಚಿಸಬಹುದು. ಸಂವಿಧಾನದಲ್ಲಿ ಬರೆಯದ ಗಡುವನ್ನು ಕೋರ್ಟು ಬರೆಯಬಾರದೆಂಬ ತರ್ಕ ನನಗೆ ಅರ್ಥವಾಗುತ್ತದೆ. ಆದರೂ ಠಾಣಾಧಿಕಾರಿಗೆ 14 ದಿನ, ಮಾಲೀಕನಿಗೆ 2 ದಿನ, ಇಲಾಖೆಗೆ 120 ದಿನ ಎಂದು ಎಣಿಸುವ ದೇಶದಲ್ಲಿ, ಜನಪ್ರತಿನಿಧಿಗಳು ಅಂಗೀಕರಿಸಿದ ಮಸೂದೆಗೆ ದಿನವೇ ಇಲ್ಲವೆನ್ನುವುದು ಒಪ್ಪಲು ಕಷ್ಟವಾದ ಅಸಮಾನತೆ. ಅದನ್ನು ಸರಿಪಡಿಸುವ ದಾರಿ ಸಂಸತ್ತಿನದು.

ಶಾಸಕರಲ್ಲಿ, ಸಂಸದರಲ್ಲಿ ಕೇಳಬೇಕಾದದ್ದು ಹೆಚ್ಚೇನಿಲ್ಲ. ಗಡುವು ಬರೆಯುವ ಪ್ರತಿ ಸೆಕ್ಷನ್‌ನ ಕೆಳಗೆ ಇನ್ನೊಂದು ವಾಕ್ಯ ಬರೆಯಿರಿ: ಮೀರಿದರೆ ಯಾರು, ಏನು ತೆರಬೇಕು. 90 ದಿನದ ತನಿಖಾ ಮಾಹಿತಿಗೆ ಸಕಾಲದ 20 ರೂಪಾಯಿಯಷ್ಟಾದರೂ ಬೆಲೆ ಕಟ್ಟಿ.

ಓದುಗರಲ್ಲೂ ಒಂದು ಮಾತು. ಎಲ್ಲಿಗೆ ಹೋದರೂ ಬಾಯಿಮಾತಿನ ಉತ್ತರ ತೆಗೆದುಕೊಂಡು ಬರಬೇಡಿ. ದೂರು ಕೊಟ್ಟರೆ ಸ್ವೀಕೃತಿ ಕೇಳಿ, ಎಫ್‌ಐಆರ್ ಆದರೆ ನಕಲು ಕೇಳಿ, ಆಗದೆಂದರೆ ಕಾರಣ ಬರೆದ ಹಿಂಬರಹ ಕೇಳಿ, ತಾರೀಖಿನ ಸಮೇತ. ಮೇಲ್ಮನವಿ ಶುರುವಾಗುವುದು ಆ ಕಾಗದದಿಂದ. ವಕೀಲರನ್ನು ಇಡಲು ಹಣವಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು; ಉಳಿದವರಿಗೆ ಆದಾಯ ಮಿತಿಯಿದೆ. ಕಾನೂನು ಸೇವಾ ಪ್ರಾಧಿಕಾರದ ಶುಲ್ಕರಹಿತ ಸಹಾಯವಾಣಿ 15100.